ಸಾಹುಕಾರರ ಪೈಲ್ವಾನ

ಐವತ್ತೇಳರ ಎಲೆಕ್ಷನ್ನಿಗೆ ಮುಂಚಿನ ಮಾತು. ಕೋಟೆ ಊರಿಗೆ ದಾರಿ ಒಡೆಯುವ ಹ್ಯಾಂಡ್‌ಪೋಸ್ಟಿನಲ್ಲಿ ಮೈಸೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲಿನ ಮೇಲೆ ಕಿವಿ ಮುರುಟಿದ ಇಬ್ಬರು ಹಳೇ ಪೈಲ್ವಾನರು ಕೂತಿದ್ದರು. ಒಬ್ಬ ಮಂಟಯ್ಯ, ಇನ್ನೊಬ್ಬ ದೊಡ್ಡಬೀರಯ್ಯ. ಮೊದಲು ಬಾಯಿ ಬಿಟ್ಟವನು ಮಂಟಯ್ಯ.

"ಸಾಹುಕಾರ ಕೋಟೆ ಗರಡಿ ಬಾಗ್ಲು ತೆಗ್ಸವ್ನೆ ಕಣ್ಲಾ ಬೀರ. ಮತ್ತೆ ಪೈಲ್ವಾನ್ರನ್ನ ಸಾಕ್ತಾನಂತೆ. ನಿನ್ ಮಗನ್ನ ಕೇಳವ್ನೆ."

"ಕಳ್ಸಾಕಿಲ್ಲ. ರೇಷನ್ ಕಾಲ್ದಲ್ಲಿ ಊರ್ ರಾಗಿ ಬಚ್ಚಿಟ್ಟೋನ್ಗೆ ಗರಡಿ ಯಾಕ್ಲಾ?"

"ಆಗ ಅವ್ನ್ ಬಾದಾಮಿ ಹಾಲು ನೀನೂ ಕುಡ್ದೆ."

"ಕುಡ್ದೆ. ಮನೇಲಿ ನಮ್ಮವ್ವ ಗೆಣಸು ಬೇಯಿಸ್ಕಂಡು ತಿಂತಿದ್ಲು."

"ಅವ್ನಿಲ್ದಿದ್ರೆ ನಮ್ಮನ್ನ ಮೈಸೂರ್ ಕುಸ್ತಿಗೆ ಯಾರ್ಲಾ ಕರ್ಕೊಂಡೋಯ್ತಿದ್ರು? ನೀನು ಆ ರಾವಂದೂರಿನೋನ್ನ ಎತ್ತಿ ಒಗ್ದಾಗ ಜನ ಎದ್ದು ಕುಣುದ್ರು. ಎಂಥಾ ಕಾಲ್ವಪ್ಪ ಅದು!"

"ಕುಣುದ್ರು. ಯಾರೆಸ್ರು ಕೂಗುದ್ರು, ಯೇಳು?"

ಮಂಟಯ್ಯ ಬೀಡಿ ಹಚ್ಚಿದ. ದೊಡ್ಡಬೀರಯ್ಯನೇ ಹೇಳಿದ.

"ಗೆದ್ದಾಗೆಲ್ಲ 'ಸಾಹುಕಾರ್ರ ಪೈಲ್ವಾನ ಗೆದ್ದ' ಅಂತ ಕೂಗುದ್ರು. ಸೋತಾಗ ಮಾತ್ರ 'ಬೀರಯ್ಯ ಸೋತ' ಅಂದ್ರು. ಈಗ ಎಲೆಕ್ಷನ್‌ಗೆ ನಿಂತವ್ನೆ. ಅವ್ನೆಸ್ರು ಕೂಗ್ಸಕ್ಕೆ ನನ್ ಮಗ ಬೇಕಾ?"

"ಅಂಗಾರೆ ಇಲ್ಲ ಅಂದ್ಬುಡ್ಲಾ?"

"ಅಂದ್ಬುಡು."

ಧೂಳೆಬ್ಬಿಸಿಕೊಂಡು ಕೋಟೆ ಬಸ್ಸು ಬಂತು. ಮಂಟಯ್ಯ ಬೀಡಿ ಎಸೆದು ಹತ್ತಿದ. ದೊಡ್ಡಬೀರಯ್ಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ಅಲ್ಲೇ ನಿಂತ.

"ಲೇ ಮಂಟ, ನೀನು ಗರಡಿ ಒಳಕ್ಕೋಗಿದ್ಯಾ? ಆ ಮಣ್ಣು ಈಗ್ಲೂ ಅಂಗೇ ಗಮಗಮ ಅಂತದೇನ್ಲಾ?"