ನೂರಕ್ಕೆ ನೂರು ಬಂದ ವರ್ಷ

ಕಾಗದವನ್ನು ಕಣ್ಣಾರೆ ನೋಡದೆ ಒಂದು ಸಾಲೂ ಅಚ್ಚಿಗೆ ಹೋಗಕೂಡದು… ಹೌದು ಕಣಮ್ಮ, ಈ ನಿಯಮ ಮಾಡಿದವನು ನಾನೇ. ಹೈಸ್ಕೂಲಿಗೆ ಎಪ್ಪತ್ತೈದು ತುಂಬುತ್ತಿದೆ, ಚರಿತ್ರೆಯ ಪುಸ್ತಕ ಬರಬೇಕು, ಸಂಪಾದಕ ನಾನು, ಪರಿಶೀಲನೆ ನಿನ್ನದು ಅಂತ ಸಭೆಯಲ್ಲಿ ಮೇಜು ಗುದ್ದಿ ಹೇಳಿದವನೂ ನಾನೇ. ನನಗೇ ಓದಿ ಹೇಳಬೇಡ.

ಮುರಿಯದವರು ಯಾರು, ಹೇಳು? ಡ್ರಿಲ್ ಮೇಷ್ಟ್ರು ಕಪ್ ಗೆದ್ದೆವು ಅಂತ ಬರೆದರು. ನೀನು ಬೀರು ತೆಗೆದು ಕಪ್ಪನ್ನು ತಲೆಕೆಳಗು ಮಾಡಿದರೆ ತಳದಲ್ಲಿ ಪಕ್ಕದೂರಿನ ಶಾಲೆಯ ಹೆಸರು! ಜಾಗ ಕೊಟ್ಟವರ ಮೊಮ್ಮಗ ಎಂಟು ಎಕರೆ ಅಂದ; ದಾನಪತ್ರದಲ್ಲಿ ಮೂರೂವರೆ. ಎರಡನ್ನೂ ನೀನು ಹೊಡೆದು ಹಾಕಿದೆ. ನಾನು ಬೆನ್ನು ತಟ್ಟಿದೆ. ನನ್ನ ಶಿಷ್ಯೆ, ನನ್ನ ಕೈಯಲ್ಲಿ ಪಳಗಿದವಳು ಅಂತ ಎಲ್ಲರೆದುರು ಹೇಳಿದೆ. ಈಗ ನನ್ನ ಪುಟಕ್ಕೇ ಬಂದೆಯಾ?

ಯಾಕೆ ನಗ್ತೀಯ?

ಹತ್ತನೇ ತರಗತಿ. ಪರೀಕ್ಷೆಗೆ ಕೂತವರು ಮೂವತ್ತೆರಡು, ಪಾಸಾದವರು ಮೂವತ್ತೆರಡು. ಶಾಲೆಯ ಮೊದಲ ನೂರಕ್ಕೆ ನೂರು, ತರಗತಿಯ ಮೇಷ್ಟ್ರು ನಾನು. ಬೋರ್ಡಿನ ಪಟ್ಟಿ ಇಲ್ಲೇ ಇದೆ, ಸೀಲು ಸಮೇತ. ಇನ್ನೇನು ಬೇಕು? ಕೆಳಗೆ, ನನ್ನ ಫೋಟೋ ಪಕ್ಕ, ‘ಪರಿಶೀಲಿಸಿದೆ’ ಅಂತ ಸಹಿ ಹಾಕು. ಪ್ರೆಸ್ಸಿನವನು ಹೊರಗೆ ಕಾಯ್ತಿದ್ದಾನೆ.

ಅದ್ಯಾವ ಪುಸ್ತಕ? ಹಾಜರಿ… ನಲವತ್ತೊಂದು. ಹೂಂ, ವರ್ಷದ ಮೊದಲಲ್ಲಿ ನಲವತ್ತೊಂದು ಇದ್ದರು. ಒಂಬತ್ತು ಮಕ್ಕಳು ಪರೀಕ್ಷೆಗೆ ಎರಡು ತಿಂಗಳು ಮುಂಚೆ ಟಿ.ಸಿ. ತಗೊಂಡು ಹೋದರು. ಊರು ಬಿಟ್ಟಿರಬಹುದು, ಮನೆಯಲ್ಲಿ ಏನೋ ಕಷ್ಟ ಇರಬಹುದು, ನನಗೇನು ಗೊತ್ತು? ಅಪ್ಪಂದಿರೇ ಅರ್ಜಿ ಕೊಟ್ಟರು. ಫೈಲಲ್ಲಿದೆ, ಹೋಗಿ ನೋಡು… ಓ, ನೋಡಿಬಿಟ್ಟಿದ್ದೀಯ.

ಸರಿ, ಬಾಯಿಬಿಟ್ಟೇ ಹೇಳ್ತೇನೆ. ಒಂಬತ್ತೂ ಗಣಿತದಲ್ಲಿ ಗೋತಾ ಹೊಡೆಯೋ ಮಕ್ಕಳು! ಆ ವರ್ಷ ಫಲಿತಾಂಶ ಕೆಟ್ಟರೆ ಶಾಲೆ ಮುಚ್ಚುತ್ತೇವೆ ಅಂತ ಮೇಲಿನಿಂದ ಪತ್ರ ಬಂದಿತ್ತು. ಶಾಲೆ ಉಳಿದದ್ದಕ್ಕೇ ಆಮೇಲೆ ನೀನು ಇಲ್ಲಿ ಓದಿದ್ದು, ಇವತ್ತು ಇದೇ ಲೈಬ್ರರಿಯ ಕುರ್ಚಿಯಲ್ಲಿ ಕೂತು ನನ್ನನ್ನು ಪ್ರಶ್ನೆ ಕೇಳ್ತಿರೋದು.

ಅದೇನು, ಎರಡು ಕಾಗದ ಅಕ್ಕಪಕ್ಕ ಇಡ್ತಿದ್ದೀಯ? ಇದು ಆ ಒಂಬತ್ತರಲ್ಲಿ ಒಬ್ಬಳಾದ ದರ್ಜಿಯ ಮಗಳು ಶಾಲೆಗೆ ಸೇರಿದಾಗಿನ ಅರ್ಜಿ. ಅಪ್ಪನ ಹೆಬ್ಬೆಟ್ಟು. ಇದು ಟಿ.ಸಿ. ಕೇಳಿದ್ದು. ಅಪ್ಪನ ಸಹಿ… ಎರಡು ವರ್ಷದಲ್ಲಿ ಬರೆಯೋಕೆ ಕಲಿತಿರಬಾರದೇನು ಆ ಮನುಷ್ಯ?

ಹಾಗೆ ನೋಡಬೇಡ. ಬೈಯಬೇಕಿದ್ದರೆ ಬೈ… ನಿನ್ನ ನೋಟ್‌ಬುಕ್ಕುಗಳಲ್ಲಿ ಮೂರು ವರ್ಷ ಅದೇ ಅಕ್ಷರ ಕಂಡವಳು ನೀನು, ಗುರುತು ಸಿಗದೆ ಇರುತ್ತಾ? ನಂದೇ. ಒಂಬತ್ತೂ ನಂದೇ. ಸ್ಟಾಫ್ ರೂಮಲ್ಲಿ ಒಬ್ಬನೇ ಕೂತು ಒಂಬತ್ತು ಅಪ್ಪಂದಿರಾಗಿ ಬರೆದೆ. ಪರೀಕ್ಷೆಯ ದಿನ ಆ ಹುಡುಗಿ ಕಂಪಾಸು ಪೆಟ್ಟಿಗೆ ಹಿಡಿದು ಬಂದಳು. ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ, ನಿಮ್ಮಪ್ಪನನ್ನೇ ಕೇಳು ಅಂತ ಗೇಟಿಂದ ವಾಪಸು ಕಳಿಸಿದವನೂ ನಾನೇ. ಏನೀಗ? ಅದೇ ಸ್ಥಿತಿ ಬರಲಿ, ಮತ್ತೆ ಬರೀತೇನೆ!

ಹಾಕು ಸಹಿ. ಬೇಡವಾ? ಹಾಗಾದರೆ ಪುಟವನ್ನೇ ಕಿತ್ತುಹಾಕು, ಯಾರಿಗೂ ಏನೂ ಗೊತ್ತಾಗೋದು ಬೇಡ… ಅದೂ ಇಲ್ಲವಾ? ಮತ್ತೆ ಪೆನ್ನು ಯಾಕೆ ತೆಗೆದೆ? ಸಹಿಯ ಜಾಗದಲ್ಲಿ ಅಷ್ಟುದ್ದ ಏನು ಬರೀತಿದ್ದೀಯ? ಹೆಸರುಗಳಾ… ನಿಲ್ಲಿಸು. ದರ್ಜಿಯ ಮಗಳದ್ದು… ನಿಲ್ಲಿಸು ಅಂದೆ! ಪೆನ್ಸಿಲಲ್ಲಾದರೂ ಬರಿ ತಾಯಿ… ಎರಡು… ಮೂರು… ಜಾಗ ಸಾಲದು ಅಲ್ಲಿ, ನಾಲ್ಕೇ ಹಿಡಿಯೋದು…

ಏಯ್, ಐದನೆಯದನ್ನು ನನ್ನ ಫೋಟೋ ಮೇಲೇ ಬರೀತಿದ್ದೀಯಲ್ಲೇ!