ಅಕ್ಕಿ ಹಿಟ್ಟಿನ ಗಂಜಿ

ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಕುಮಟಾ ಬಸ್ಸಿಗೆ ಕಾಯುತ್ತಿದ್ದ ಮೂಕಾಂಬಿಕಾಳ ಪಕ್ಕದಲ್ಲಿ ಅತ್ತೆ-ಸೊಸೆ ಇಬ್ಬರು ಕೂತಿದ್ದರು. ಸೊಸೆಯ ಮಡಿಲಲ್ಲಿ ಮೂರು ವರ್ಷದ ಹುಡುಗಿ ತೂಕಡಿಸುತ್ತಿದ್ದಳು.

"ಅತ್ತೆ, ಇವಳ ಮೈಯೆಲ್ಲ ಬೆವರಿದೆ. ಹತ್ತು ಗಂಟೆಗೆ ಕಾರ್ನ್‌ಫ್ಲೋರ್ ಹಿಟ್ಟು ಕೊಟ್ರಿ ಅಲ್ದಾ? ತಣ್ಣೀರಲ್ಲಿ ಕಲಸಿ?"

ಅತ್ತೆ ತಲೆ ತಗ್ಗಿಸಿದಳು.

"ಡಬ್ಬಿ ಖಾಲಿಯಾಗಿತ್ತು ಮಗಾ. ಅಕ್ಕಿ ಹಿಟ್ಟಿನ ಗಂಜಿ ಕಾಯಿಸಿ ಕೊಟ್ಟೆ. ಎಲ್ಲಾ ಹಿಟ್ಟೇ ಅಲ್ದನೆ?"

"ಅಯ್ಯೋ! ಆ ಹಸಿ ಹಿಟ್ಟು ಹೊಟ್ಟೇಲಿ ನಿಧಾನ ಕರಗ್ತದೆ, ನಾಲ್ಕು ತಾಸು ರಕ್ತದಲ್ಲಿ ಸಕ್ಕರೆ ನಿಲ್ತದೆ. ಬೇಯಿಸಿದ ಅಕ್ಕಿ ಗಂಜಿ ಬೇಗ ಕರಗಿ ಮುಗೀತದೆ, ಆಮೇಲೆ ಸಕ್ಕರೆ ಇಳಿದು ಹೀಗೆ ಬೆವರಿ ಮಂಪರು ಬರ್ತದೆ. ಇವಳ ಲಿವರಿಗೆ ಕೂಡಿಟ್ಟ ಸಕ್ಕರೆ ರಕ್ತಕ್ಕೆ ಬಿಡೂಕೆ ಬರೂದಿಲ್ಲ ಅಂತ ಡಾಕ್ಟ್ರು ಹೇಳಿದ್ದು ಮರೆತ್ರಾ?"

"ಕೂಸಿಗೆ ಹಸಿ ಹಿಟ್ಟು ಅಂದ್ರೆ ನಂಗೆ ಮೊದಲಿಂದ್ಲೂ ಹೆದರಿಕೆ. ಈಗ ಎಂತ ಮಾಡೂದೆ?"

"ಗಂಟೆ ಎಷ್ಟಾತು?"

"ಒಂದೂವರೆ," ಎಂದಳು ಮೂಕಾಂಬಿಕಾ, ತನ್ನನ್ನು ಯಾರೂ ಕೇಳದಿದ್ದರೂ.

ಸೊಸೆ ಚೀಲದಿಂದ ಗ್ಲೂಕೋಸ್ ಪೊಟ್ಟಣ ತೆಗೆದಳು. ಗಡಿಬಿಡಿಯಲ್ಲಿ ಹರಿಯುವಾಗ ಅರ್ಧ ಪುಡಿ ಸೀರೆಯ ಮೇಲೆ ಚೆಲ್ಲಿತು. ಉಳಿದದ್ದನ್ನು ನೀರಿನ ಬಾಟಲಿಯ ಮುಚ್ಚಳದಲ್ಲಿ ಕಲಸಿ ಮಗುವಿನ ತುಟಿಗೆ ಹಿಡಿದಳು.

"ಸುಚೀ, ಕಣ್ಣು ಬಿಡೇ. ನುಂಗು."

"ನುಂಗ್ತಾಳನೆ?" ಅತ್ತೆ ಬಗ್ಗಿ ಕೇಳಿದಳು.

ಮೂಕಾಂಬಿಕಾ ಆ ಪುಟ್ಟ ಗಂಟಲನ್ನೇ ನೋಡುತ್ತಿದ್ದಳು. ಅದು ಅಲುಗಿತು.

"ನುಂಗಿದ್ಲು. ಅತ್ತೆ, ಆಟೋ ಕರೀರಿ, ಆಸ್ಪತ್ರೆಗೆ ಹೋಗುವ."

ಅತ್ತೆ ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಹಿಂದೆಯೇ ನಡೆದಳು. ಆಟೋ ಹತ್ತುವಾಗ ಮಗುವಿನ ಬೆರಳುಗಳು ಮೆಲ್ಲಗೆ ಮಡಚಿ ತಾಯಿಯ ಸೆರಗನ್ನು ಹಿಡಿದವು.