ಸೋಮವಾರದ ಹಕ್ಕಿ

ಹಕ್ಕಿರಿ ಕಾಕಾ! ಹಕ್ಕೀನೇ! ಮತ್ಯಾರ ಮಾಡ್ತಾರ ಹೇಳ್ರಿ? ಬೆಳ್ಳಗ ಅದನೋ ಇಲ್ಲೋ? ಗಾಡಿ ಮ್ಯಾಲ ಬೆಳ್ಳಗ ಬಿತ್ತಂದ್ರ ಅದು ಹಿಕ್ಕಿನೇ... ಇಲ್ರಿ, ನಗಾಕತ್ತಿಲ್ರಿ ನಾ. ನನ್ನ ಮಾರೀನೇ ಹಂಗದ, ಹೆದರಿದ್ರ ಹಲ್ಲು ಕಾಣ್ತಾವ. ಅಂದ್ರ... ಹೆದರಿಲ್ಲ! ಯಾಕ ಹೆದರ್ಲಿ? ಹೆದರೂವಂಥಾ ಕೆಲಸ ಏನ್ ಮಾಡೀನಿ?

ದಿನಾ ಕತ್ತಲಾದ ಮ್ಯಾಲ ಬರೋರು, ಇವತ್ತ ಬಿಸಲ ಇರೂದ್ರಾಗೇ ಹುಮನಾಬಾದಿಂದ ಬಸ್ಸಿನ್ಯಾಗ ನಿಂತ್ಕೊಂಡು ಬಂದೀರಿ. ಧೂಳ ಕುಡದೀರಿ. ಜರಾ ಕಟ್ಟಿ ಮ್ಯಾಲ ಕುಂದರ್ರಿ, ನೀರ ತರ್ತೀನಿ. ಬ್ಯಾಡಾ? ಹೋಗ್ಲಿ, ನಿಂತೇ ಇರ್ರಿ. ಆದ್ರ ಅಷ್ಟ ಬಗ್ಗಿ ನೋಡಬ್ಯಾಡ್ರಿ ಕಾಕಾ, ಉಸಿರ ತಾಗ್ತದ ಕಲರಿಗೆ! ಮೂವತ್ತ ದಿನ ಆಗಿಲ್ಲ ಇನ್ನಾ. ಇಪ್ಪತ್ತಾರು!

ಇಪ್ಪತ್ತಾರ ದಿನ ಈ ಮಚ್ಚೇಂದ್ರ ಹ್ಯಾಂಗ ಕಾದಾನ ಗೊತ್ತದೇನ್ರಿ ನಿಮಗ? ಬಾಜೂ ಮನಿ ಹುಡುಗ ಅಂತ ನೀವು ದಿನಾ ನಂಬಿ ಬಿಟ್ಟು ಹೋದ್ರಿ, ನಾನು ಹೆತ್ತ ಮಗನಂಗ ಕಾದೀನಿ. ನಿಮ್ಮ ಹಳೇ ಕಾರಿಗೆ ಪೇಂಟ್ ಹೊಡದ ಯುನೂಸ್ ಚಾಚಾ ಏನಂದ? "ಬೇಟಾ, ಮ್ಯಾಲ ಒಣಗ್ಯದ, ಒಳಗಿನ್ನಾ ಕಚ್ಚಾ ಅದ. ಮೂವತ್ತ ದಿನ ಹಸಿ ಬಾಣಂತಿ ಇದ್ದಂಗ ನೋಡಕೋ." ಸಾಬೂನ ಹಚ್ಚಬ್ಯಾಡ, ಹಚ್ಚಿಲ್ಲ. ಪಾಲಿಶ್ ಬ್ಯಾಡ, ಮಾಡಿಲ್ಲ. ಮ್ಯಾಲ ಕವರ್ ಹೊಚ್ಚಬ್ಯಾಡ, ಹೊಚ್ಚಿಲ್ಲ. ಗಿಡದ ಕೆಳಗ ನಿಂದರಸಬ್ಯಾಡ ಅಂದ, ನಾ ಗಿಡದ ನೆರಳು ಸುದ್ದಾ ಬೀಳಗೊಟ್ಟಿಲ್ರಿ! ಹಿಕ್ಕಿ ಬಿದ್ರ ಆಗಿಂದಾಗ ಬರೇ ನೀರಿಲೆ ತೊಳಿ, ಇಲ್ಲಂದ್ರ ಸುಟ್ಟಂಗ ಕಲಿ ಬೀಳ್ತದ ಅಂದ.

ಹಾಂ, ಅವನೇ ಅಂದಾನಲ್ರಿ ಹಿಕ್ಕಿ ಅಂತ! ನಾ ಎಲ್ಲಿ ಹುಟ್ಟಿಸಿ ಹೇಳಾಕತ್ತೀನಿ?

ಆಮ್ಯಾಲ ಒಂದು ನೇಮ ನೀವ್ ಹಾಕಿದ್ರಿ. ಎಲಿ-ಅಡಿಕಿ ತಿನ್ನೋರು ಗಾಡಿ ಹತ್ರ ಸುಳೀಬಾರ್ದು. ಅಂದ್ರ ಯಾರು? ಆಯಿ! ನಿಮ್ಮ ಹಡದವ್ವ! ಚಂದಮ್ಮ ಆಯಿ ಪಾಪ ಇದೇ ಕಟ್ಟಿ ಮ್ಯಾಲ ಕುಂತು ಎಲಿ ಹಾಕ್ಕೊಂತಿದ್ಳು, ನೀವ್ ಎಲಿ ಸಂಚಿ ಸಮೇತ ಎಬ್ಬಿಸಿ ಹಿತ್ತಲಕ ಕುಂದರ್ಸಿದ್ರಿ. "ಬಾಗಲ ಚೌಕಟ್ಟ ನೋಡು, ಬೆರಳಿಗೆ ಹತ್ತಿದ ಸುಣ್ಣ ನಲವತ್ತ ವರ್ಷದಿಂದ ಅಲ್ಲೇ ಒರಸ್ತಾಳ. ಗಾಡಿನೂ ಹಂಗೇ ಮಾಡ್ತಾಳ" ಅಂದ್ರಿ. ಆಯಿ ನಾರಾಯಣಪುರದ ಶಿವನ ಗುಡಿಗೆ ಒಯ್ಯೋ ಅಂದ್ರ, "ಸಂಚಿ ಬಿಟ್ಟ ಬಂದ್ರ ಒಯ್ತೀನಿ" ಅಂದ್ರಿ. ಆಯಿ ಸಂಚಿ ಬಿಡ್ತಾಳೇನ್ರಿ? ಸಂಚಿ ಬಿಟ್ಟ ಆಯಿನ ಎಂದಾದ್ರೂ ನೋಡೀರೇನು?

ಇರ್ಲಿ ಬಿಡ್ರಿ. ಅದರ ಮಾತ್ಯಾಕ ಈಗ? ನಾ ಯಾಕ ತೆಗದೆ ಅದನ್ನ?

ಹಕ್ಕಿ ಮಾತಿಗೆ ಬರ್ರಿ. ಹಕ್ಕಿ ಓಡ್ಸಾಕ ನಾ ಏನೇನ್ ಮಾಡೀನಿ! ಹಳೇ ಸೀಡಿ ತಂದು ದಾರಕ್ಕ ಕಟ್ಟೀನಿ, ಅಲ್ಲಿ ನೋಡ್ರಿ ಮ್ಯಾಲ, ಮಿಂಚಾಕತ್ತಾವ. ಮೊಬೈಲಿನ್ಯಾಗ ಹದ್ದಿನ ಕೂಗು ಹಚ್ಚೀನಿ. ಅದನ್ನ ಕೇಳಿ ಇದ್ದಬದ್ದ ಕಾಗಿ ಎಲ್ಲಾ ಹದ್ದು ನೋಡಾಕ ಬಂದ್ವು, ಆ ಮಾತ ಬ್ಯಾರೆ! ಬಾನೆಟ್ ಮ್ಯಾಲ ಒಂದ್ ಪಾತರಗಿತ್ತಿ ಕುಂತಿತ್ರಿ, ಅದಕ್ಕ ಕೈ ಮುಗದು ಕಳಿಸೀನಿ. ಫರಹತ್ ಆಪಾನ ಮನಿ ಮದಿವಿ ಮೆರವಣಿಗಿ ಬಂದಾಗ ಓಣಿಗೆ ಅಡ್ಡ ನಿಂತು, "ಭಾಯ್, ಬ್ಯಾಂಡ್ ಜರಾ ಸಣ್ಣಗ, ಕಲರ್ ಕಚ್ಚಾ ಅದ" ಅಂದೆ. ಮದುಮಗ ಕುದುರಿ ಮ್ಯಾಲಿಂದ ಬೈದ! ಬೈಸ್ಕೊಂಡೆ. ಯಾಕ? ಚಾವಿ ಸಂಬಂಧ!

"ಮೂವತ್ತ ದಿನ ಒಂದ್ ಕಲಿ ಬೀಳದಂಗ ನೋಡಕೊಂಡ್ರ ಚಾವಿ ನಿಂದು ಮಚ್ಚ್ಯಾ, ದಿನಾ ಹುಮನಾಬಾದ್ ಗಂಜ್ ಬಜಾರಕ್ಕ ನೀನೇ ನನ್ನ ಡ್ರೈವರ್." ಅಂದೀರೋ ಇಲ್ರಿ? ನಾ ಇಡೀ ಓಣಿಗೆ ಹೇಳೀನ್ರಿ. ಕಾಲಾ ಚಷ್ಮಾ ತಗೊಂಡೀನಿ. ಲೈಸೆನ್ಸ್ ಬಂದು ಒಂದ್ ತಿಂಗಳ ಆಯ್ತು, ಅದನ್ನ ಪ್ಲಾಸ್ಟಿಕ್ಕಿನ್ಯಾಗ ಹಾಕಿ ದೇವರ ಮುಂದ ಇಟ್ಟೀನಿ. ಈಗ ಒಂದ್ ಹಕ್ಕಿ ಸಲುವಾಗಿ ಚಾವಿ ಕಸ್ಕೊಂತೀರಾ?

ಒಂದಲ್ಲ, ಮೂರ ಅವ ಅಂತೀರಾ? ಹೌದ್ರಿ, ಮೂರವ. ಮೂರು ಹಕ್ಕಿ.

ಏನ್ರಿ? ಮ್ಯಾಲ ಬಿಟ್ಟು ಬಾಜೂ ಬಾಗಲಿಗೆ, ಕಿಡಕಿ ಗ್ಲಾಸಿನ ಕೆಳಗ ಹ್ಯಾಂಗ ಬೀಳ್ತದ ಅಂತೀರಾ? ಗಾಳಿ ಇತ್ರಿ ಕಾಕಾ! ಸೋಮವಾರ ಏನ್ ಗಾಳಿ ಅಂತೀರಿ! ಹಿಕ್ಕಿ ಸೀದಾ ಕೆಳಗ ಬರೋದು, ಗಾಳಿ ಹೊಡದು ಅಡ್ಡ ಬಂದಿರಬೇಕು...

ಸೋಮವಾರ ಅಂತ ನನಗ ಹ್ಯಾಂಗ ಗೊತ್ತು? ಅಂದ್ರ... ಅಂದಾಜ್ರಿ. ಯಾವುದರೆ ವಾರ ಹೇಳಬೇಕಲ್ಲ ಮನುಷ್ಯಾ. ಮಂಗಳವಾರ ಅಂತ ಬರ್ಕೋರಿ ಬೇಕಾದ್ರ.

ಬಾಲಾ? ಯಾವ ಬಾಲಾ? ಹಾಂ... ಮೂರಕ್ಕೂ ತುದೀಗೆ ಒಂದೇ ನಮೂನಿ ಸಣ್ಣ ಕೊಂಡಿ ಹಂಗದ, ಹೌದಲ್ಲ! ಈಗ ಬಿಸಲ ಓರೆ ಬಿದ್ದದ್ದಕ್ಕ ಕಾಣಾಕತ್ಯದ, ಇಲ್ಲಂದ್ರ ಗೊತ್ತೇ ಆಗ್ತಿದ್ದಿಲ್ಲ ನೋಡ್ರಿ. ಹಕ್ಕಿ ಹಾರ್ಕೊಂತ ಬಂದು, ಮಾಡಿ, ಟರ್ನ್ ಹೊಡದಿರಬೇಕ್ರಿ. ಪಾರಿವಾಳ ಹಂಗೇ ತಿರುಗ್ತಾವ. ಮೂರೂ ಸಲ ಅದೇ ಪಾರಿವಾಳ. ರೂಢಿ ಬಿದ್ದದ ಅದಕ್ಕ.

ನಗ್ರಿ ಕಾಕಾ. ನೀವ್ ನಕ್ಕಿದ್ರ ಛಲೋ ಇತ್ತು. ಗಾಡಿ ಬಾಗಲಾ ಯಾಕ ತೆಗದ್ರಿ?

ಒಳಗ ಯಾಕ ಕುಂತ್ರಿ? ಮೀಟರ್ ನೋಡಾಕತ್ತೀರಾ? ಅದು... ಬ್ಯಾಟ್ರಿ ಇಳೀತದ ಅಂತ ದಿನಾ ಸ್ಟಾರ್ಟ್ ಮಾಡ್ತೀನ್ರಿ. ನಿಂತಲ್ಲೇ! ನಿಂತಲ್ಲೇ ಸ್ಟಾರ್ಟ್ ಮಾಡಿದ್ರ ಮೀಟರ್ ತಿರುಗೂದಿಲ್ಲಾ? ಹೌದಾ... ಹಳೇ ಗಾಡಿ ಅಲ್ರಿ, ತಿರುಗಿರಬೇಕು ಒಂದೀಟು, ಖುಶಿಗೆ.

ಏನದು ನಿಮ್ಮ ಕೈಯಾಗ? ಸೀಟಿನ ಕೆಳಗ ಸಿಕ್ತಾ? ಕಡ್ಡಿ ಇರಬೇಕ್ರಿ, ಒಗೀರಿ. ಎಲಿ ತೊಟ್ಟಾ? ವೀಳ್ಯದೆಲಿ ತೊಟ್ಟು... ಹಾಂ! ನೋಡ್ರಿ, ನಾ ಹೇಳಿಲ್ಲಾ? ಗೂಡು! ಪಾರಿವಾಳ ಗೂಡ ಕಟ್ಟಾಕ ತಂದದ! ಕಿಡಕಿ ಗ್ಲಾಸ್ ಜರಾ ಇಳಿಸಿದ್ದೆ, ಒಳಗ ಕಾವು ಆಗ್ತದ ಅಂತ. ಅದು ಒಳಗ ಬಂದು, ಮುಂದಿನ ಸೀಟಿನ್ಯಾಗ ಕುಂತು...

...ಕುಂತು...

ಕಾಕಾ, ನನ್ನ ಜೋಡಿ ಮಾತಾಡ್ರಿ. ಬೈರಿ. ಬೈದ್ರ ನನಗೂ ಒಂದ್ ಹುಮ್ಮಸ್ ಬರ್ತದ, ಏನರೆ ಹೇಳಬೌದು. ಹಿಂಗ ಸುಮ್ಮ ಕುಂತ್ರ ನಾ ಒಬ್ಬನೇ ಎಷ್ಟ್ ಅಂತ ಹಕ್ಕಿ ಹಾರಿಸ್ಲಿ?

ಎಲ್ಲಿ ಹೊಂಟ್ರಿ? ಅಲ್ಲೇನದ? ಮನಿ ಬಾಗಲಿಗ್ಯಾಕ ಹೋದ್ರಿ? ಚೌಕಟ್ಟಿನ ಮ್ಯಾಲ ಯಾಕ ಕೈ ಆಡ್ಸಾಕತ್ತೀರಿ? ಅದು ಹಳೇ ಸುಣ್ಣರಿ, ಅದರದೇನ ನೋಡೂದು...

ಕೊಂಡಿ.

ಅಲ್ಲೂ ಹಂಗೇ ಕೊಂಡಿ ಅದ. ಎಲ್ಲಾಕ್ಕೂ. ಮ್ಯಾಲಿಂದ ಕೆಳಗ ಇಳದು, ಕಡೀಕ ಹಿಂಗ ತಿರುವಿ... ನಾ ಎಂದೂ ಲಕ್ಷ್ಯ ಕೊಟ್ಟಿದ್ದಿಲ್ರಿ. ದೇವರಾಣಿ.

ಆಯಿನ ಬೈಬ್ಯಾಡ್ರಿ ಕಾಕಾ. ತಪ್ಪು ನಂದು. ಮೊದಲನೇ ವಾರ ನೀರ ತರಾಕ ಹಿತ್ತಲಕ ಹೋಗಿದ್ದೆ, ಆಯಿ ಸಣ್ಣ ದನಿಲೆ ಕೇಳಿದ್ಳು, "ನನ್ನ ಮಗನ ಗಾಡಿ ಯಾವ ಬಣ್ಣ ಆಗ್ಯದೋ?" ಮೆರೂನ್ ಅಂದೆ. "ಮೆರೂನ್ ಅಂದ್ರ?" ನಾ ಹ್ಯಾಂಗ ಹೇಳ್ಲಿ? ಎಲಿ ತಿಂದ ನಿನ್ನ ಬಾಯಿ ಬಣ್ಣ, ಆಯಿ, ಅಂದೆ. ಅದಕ್ಕ ಆಯಿ ಏನಂದ್ಳು ಗೊತ್ತೇನ್ರಿ? "ಅದೇ ಬಣ್ಣ ಹಚ್ಯಾನಂದ್ರ ನನಗ್ಯಾಕ ದೂರ ಕುಂದರ್ಸ್ಯಾನ?"

ನಾ ಏನ್ ಹೇಳ್ಬೇಕ್ರಿ ಅದಕ್ಕ? ಮುಂದಿನ ಸೋಮವಾರ ನೀವ್ ಬಸ್ ಹತ್ತೂದೇ ತಡ, ಗಾಡಿ ತೆಗದೆ. ಮೊಣಕಾಲ ಹಿಡದು ಆಯಿ ಆ ಗುಡಿ ನೋಡಿ ಎರಡ ವರ್ಷ ಆಗಿತ್ತಂತ. ನಾರಾಯಣಪುರ ಏನ್ ದೂರ! ಇಪ್ಪತ್ತರ ಮ್ಯಾಲ ಓಡಿಸಿಲ್ರಿ ನಾ, ಎಮ್ಮಿ ಸುದ್ದಾ ನಮ್ಮನ್ನ ಹಿಂದ ಹಾಕಿ ಹೋದ್ವು. ಆಯಿ ಮುಂದಿನ ಸೀಟಿನ್ಯಾಗ, ಕೈ ಹೊರಗ ಇಟ್ಕೊಂಡು, ಹಾದ್ಯಾಗ ಯಾರ ಸಿಕ್ರೂ ನಿಲ್ಲಿಸು ಅನ್ನಾಕಿ. "ನೋಡ್ರೇ, ನನ್ನ ಮಗಂದು! ಹೊಸಾ ಬಣ್ಣ ಹೊಡಿಸ್ಯಾನ, ಮುಟ್ಟಬ್ಯಾಡ್ರೇ, ಹಸಿ ಅದ!" ಮಂದಿಗೆ ಮುಟ್ಟಬ್ಯಾಡ ಅಂತಂದು, ತಾನು ಸುಣ್ಣ ಹಚ್ಚಿದ ಬೆರಳು ಮಾತು ಮಾತಿನ್ಯಾಗ ಬಾಗಲಿಗೆ ಹಿಂಗ... ಅಕಿಗೆ ಗೊತ್ತೇ ಆಗೂದಿಲ್ರಿ. ಈಗೂ ಗೊತ್ತಿಲ್ಲ! ನಾ ಪ್ರತಿ ಸಲ ಮನಿಗೆ ಬಂದು ನೀರ ಹಾಕಿ ತೊಳದೀನಿ. ಅಷ್ಟೊತ್ತಿಗೆ ಸುಣ್ಣ ಕಚ್ಚಿಬಿಟ್ಟಿತ್ತು. ಮೂರ ಸೋಮವಾರ, ಮೂರ ಕಲಿ.

ತಗೋರಿ. ಚಾವಿ. ನಾ ಕೊಡ್ತೀನಿ, ನೀವ್ ಕೇಳೂದಕಿಂತ ಮೊದಲೇ. ಚಷ್ಮಾ ಯಾರಿಗರೆ ಮಾರ್ತೀನಿ. ಆಯಿಗೆ ಅಷ್ಟ ಏನೂ ಅನ್ನಬ್ಯಾಡ್ರಿ. ಕಲಿ ಏನ್, ಯುನೂಸ್ ಚಾಚಾ ತಿಂಗಳ ತುಂಬಿದ ಮ್ಯಾಲ ಒಂದ್ ಕೈ ರಬ್ಬಿಂಗ್ ಹೊಡದ್ರ ಹೋಗಿಬಿಡ್ತದ, ಇಷ್ಟೂ ಕಾಣ್ಸೂದಿಲ್ಲ. ತಡೀರಿ, ಈಗ ಬಟ್ಟಿ ತೋಯಿಸಿ ಒಮ್ಮಿ ಒರಸಿ ನೋಡ್ತೀನಿ...

ಕಾಕಾ? ಕೈ ಯಾಕ ಹಿಡದ್ರಿ? ಒರಸಬ್ಯಾಡಾ?

ಚಾವಿ... ನನ್ನ ಕಿಸೇದಾಗ ಯಾಕ ಹಾಕಾಕತ್ತೀರಿ? ಅಲ್ರಿ, ಹಿಂದಿನ ಬಾಗಲಾ ಯಾಕ ತೆಗದ್ರಿ? ಹಿಂದ ಯಾಕ ಕುಂತ್ರಿ ನೀವು? ಮಾಲಕ ಮುಂದ ಕುಂದರ್ಬೇಕಲ್ರಿ!... ಮುಂದಿನ ಸೀಟು ಖಾಲಿ... ಓ. ಓಹೋ! ಆದ್ರ ಇವತ್ತ ಬುಧವಾರ ಅಲ್ರಿ ಕಾಕಾ?

ಆಯೀ! ಏ ಆಯೀ! ಚಪ್ಪಲ್ ಹಾಕ್ಕೊಂಡ್ ಬಾ ಜಲ್ದಿ! ಹೂಂ, ಸಂಚೀನೂ ತಗೊಂಡ್ ಬಾ, ಅಂವ ಏನೂ ಅನ್ನೂದಿಲ್ಲ!

ಕಾಕಾ, ಒಂದ್ ಮಾತ್ರಿ. ಮೂವತ್ತಕ್ಕ ಇನ್ನಾ ನಾಕ ದಿನ ಬಾಕಿ ಅವ. ಇವತ್ತ ಇನ್ನೊಂದ್ ಬೀಳ್ತದ, ಪಕ್ಕಾ. ಯುನೂಸ್ ಚಾಚಾ ನೋಡಿದ್ರ ಇಬ್ಬರಿಗೂ ಬೈತಾನ.

ಹಕ್ಕಿ ಅಂತ ಹೇಳೂಣೇನ್ರಿ?